ಖಾಲಿ ಏಟುಗಳ ಲೆಕ್ಕ

‘ಮಾಡಿದ್ದೆಣಿಸೋ ಮಹಾರಾಯ’ ಎಂದು ನಮ್ಮ ಹಿರಿಯರು ಹೇಳಿಲ್ಲ. ಅವರು ಹೇಳಿದ್ದು ಉಣ್ಣುವ ವಿಚಾರ. ಆದರೆ ವೈಟ್‌ಫೀಲ್ಡಿನಲ್ಲಿ ಕೂತು ಉಣ್ಣುವುದಕ್ಕೆ ಪುರುಸೊತ್ತು ಯಾರಿಗಿದೆ? ಅಲ್ಲಿ ಎಲ್ಲರೂ ಎಣಿಸುವವರೇ. ನಡೆದ ಹೆಜ್ಜೆ ಎಣಿಸುತ್ತಾರೆ, ಮಲಗಿದ ನಿದ್ದೆ ಎಣಿಸುತ್ತಾರೆ, ಸಿಗ್ನಲ್ಲಿನಲ್ಲಿ ನಿಂತು ಕೆಂಪು ದೀಪದ ಸೆಕೆಂಡು ಎಣಿಸುತ್ತಾರೆ. ಗಾದೆಯನ್ನು ಹೀಗೆ ಸೊಟ್ಟ ಮಾಡಿದ್ದಕ್ಕೆ ಹಿರಿಯರು ಕ್ಷಮಿಸಬೇಕು. ಮುಂದಿನ ಕತೆ ಮಾತ್ರ ನೆಟ್ಟಗಿದೆ, ನಡೆದದ್ದು ನಡೆದ ಹಾಗೇ ಇದೆ. ಉಪ್ಪು ಖಾರ ಹಾಕಿಲ್ಲ. ಹಾಕಿದ್ದರೂ ರುಚಿಗೆ ತಕ್ಕಷ್ಟು.

ಈ ಕತೆಯ ಮಹಾರಾಯ ನಂದೀಶ. ವಯಸ್ಸು ಐವತ್ತಕ್ಕೆ ಒಂದು ಕಡಿಮೆ. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ. ಲ್ಯಾಬೆಂದರೆ ನೆಲಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ. ಅದರ ತುಂಬ ಕಬ್ಬಿಣದ ಕಪಾಟುಗಳಲ್ಲಿ ಸಾಲಾಗಿ ಕೂತು ಬುಸುಗುಟ್ಟುವ ಎಂಬತ್ತು ಸರ್ವರುಗಳು. ಮೇಲಿನ ಮಹಡಿಯ ಎಂಜಿನಿಯರುಗಳು ಅವುಗಳನ್ನು ಕೂತಲ್ಲಿಂದಲೇ ಓಡಿಸುತ್ತಾರೆ. ಕೇಬಲ್ ಸಡಿಲವಾದಾಗ, ಫ್ಯಾನು ನಿಂತಾಗ ಮಾತ್ರ ‘ನಂದೀಶಣ್ಣ’ ಎಂದು ಕೆಳಗೆ ಬರುತ್ತಾರೆ. ‘ಲ್ಯಾಬಿನಲ್ಲಿ ಲಾಭವಿಲ್ಲ, ಏಸಿ ಪುಕ್ಕಟೆ’ ಎನ್ನುವುದು ಅವನ ಇಪ್ಪತ್ತು ವರ್ಷದ ಜೋಕು. ಈಗ ಯಾರೂ ನಗುವುದಿಲ್ಲ, ಅವನೂ ಹೇಳುವುದನ್ನು ಬಿಟ್ಟಿಲ್ಲ.

ನಂದೀಶನಿಗೆ ತನ್ನದೇ ಅಂತ ಒಂದು ದನಿ ಇದೆಯೋ ಇಲ್ಲವೋ ಎಂಬ ಬಗ್ಗೆ ಆಫೀಸಿನಲ್ಲಿ ಎರಡು ಅಭಿಪ್ರಾಯಗಳಿದ್ದವು. ದಿನಾ ಅಬ್ಬಿಗೆರೆಯಿಂದ ಜಾಲಹಳ್ಳಿಗೆ ಬಂದು ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ವೈಟ್‌ಫೀಲ್ಡಿಗೆ ಬಂದು ಇಳಿಯುವಷ್ಟರಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸಿನ ದನಿ ಅವನ ಗಂಟಲಲ್ಲಿ ಬಂದು ಕೂತಿರುತ್ತಿತ್ತು. ಮ್ಯಾನೇಜರ್ ಭಾನುಪ್ರಕಾಶನ ದನಿಯಲ್ಲಿ ಸೆಕ್ಯುರಿಟಿಯವರಿಗೆ ಫೋನು ಮಾಡಿ ಭಾನುಪ್ರಕಾಶನ ಕಾರಿಗೇ ಲಾಕ್ ಹಾಕಿಸಿದ್ದ. ಆದರೆ ಅವನಿಗೆ ತುಂಬ ಇಷ್ಟವಾದ ದನಿ ಬೇರೆ ಇತ್ತು. ಅದನ್ನು ಕೇಳಿ ಗುರುತು ಹಿಡಿಯಬಲ್ಲವನು ಆ ಕಟ್ಟಡದಲ್ಲಿ ಒಬ್ಬನೇ: ಮೂರನೇ ಮಹಡಿಯ ಈರೇಶ.

ಈರೇಶ ರಾಣೆಬೆನ್ನೂರಿನ ಕಡೆಯವನು. ಈಗ ಬ್ರೂಕ್‌ಫೀಲ್ಡಿನಲ್ಲಿ ಫ್ಲ್ಯಾಟು, ಹೆಂಡತಿ ಸೌಮ್ಯಾ, ಹಣೆಯಲ್ಲಿ ಬೆಳಗಿನ ವಿಭೂತಿ, ಕೈಯಲ್ಲಿ ಖಡಕ್ ರೊಟ್ಟಿಯ ಡಬ್ಬಿ. ಇಪ್ಪತ್ತೆಂಟು ವರ್ಷದ ಹಿಂದೆ ಡಿಪ್ಲೊಮಾ ಮುಗಿಸಿದ ಈ ಇಬ್ಬರೂ ಒಂದೇ ವಾರ ಪೀಣ್ಯದ ಒಂದು ಪ್ರೆಸ್ ಶೆಡ್ಡಿಗೆ ಸೇರಿದ್ದರು. ಆಮೇಲೆ ಈರೇಶ ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಕಂಪ್ಯೂಟರಿನ ಕಡೆ ಹೋದ. ಹೋದವನು ಹಿಂದೆ ತಿರುಗಿ ನೋಡಿ, ಸ್ಕ್ರೂ ತಿರುಗಿಸಲು ಅಲ್ಲೂ ಜನ ಬೇಕು ಎಂದು ನಂದೀಶನನ್ನೂ ಎಳೆದುಕೊಂಡ.

ಈರೇಶನ ಕೆಲಸ ಎಣಿಸುವುದು. ಪ್ರೊಸೆಸರಿನೊಳಗೆ ಪುಟ್ಟ ಪುಟ್ಟ ಕೌಂಟರುಗಳಿರುತ್ತವೆ. ಅದು ಎಷ್ಟು ಕೆಲಸ ಮಾಡಿತೆಂದು ಅವು ಒಂದೊಂದೇ ಏಟು ಎಣಿಸುತ್ತಿರುತ್ತವೆ. ಒಂದು ಯಂತ್ರವನ್ನು ಒಬ್ಬನೇ ಬಳಸಿದರೆ ತಕರಾರಿಲ್ಲ. ಆದರೆ ಈಗಿನ ಕಾಲದಲ್ಲಿ ಒಂದು ನಿಜವಾದ ಯಂತ್ರದೊಳಗೆ ಬರೀ ಸಾಫ್ಟ್‌ವೇರಿನಿಂದ ಇನ್ನೊಂದು ಯಂತ್ರವನ್ನು ಕಟ್ಟುತ್ತಾರೆ. ವರ್ಚುವಲ್ ಮಷೀನ್ ಎಂದು ಅದರ ಹೆಸರು. ಸಾಲದೆಂದು ಅದರೊಳಗೆ ಮತ್ತೊಂದನ್ನು ಕಟ್ಟುತ್ತಾರೆ. ನಂದೀಶನಿಗೆ ಇಷ್ಟು ಮಾತ್ರ ಬೇಗ ಅರ್ಥವಾಗಿತ್ತು. ಅವನ ತಾತ ರಾಗಿ ಬೆಳೆಯುತ್ತಿದ್ದ ಅಬ್ಬಿಗೆರೆಯ ಹೊಲದಲ್ಲಿ ಈಗ ಮೂರಂತಸ್ತು ಬಾಡಿಗೆದಾರರು ಬೆಳೆದಿದ್ದಾರೆ. ಅವರಲ್ಲೊಬ್ಬ ನಡುಮನೆಗೆ ಅಡ್ಡ ಪ್ಲೈವುಡ್ ನಿಲ್ಲಿಸಿ ಇನ್ನೊಬ್ಬನಿಗೆ ಒಳಬಾಡಿಗೆಗೆ ಕೊಟ್ಟಿದ್ದ. ಹೊರಯಂತ್ರ ಬಾಡಿಗೆಯವನು, ಒಳಯಂತ್ರ ಒಳಬಾಡಿಗೆಯವನು, ಅಷ್ಟೇ ತಾನೆ?

ಅಷ್ಟೇ ಅಲ್ಲ ಎಂದು ಈರೇಶ ಎಷ್ಟು ಸಲ ಹೇಳಿದರೂ ಮುಂದಿನದು ನಂದೀಶನ ಕಿವಿಯಲ್ಲಿ ನಿಂತಿರಲಿಲ್ಲ. ಪ್ರೊಸೆಸರೂ ಅದರ ಕೌಂಟರುಗಳೂ ಇಬ್ಬರಿಗೂ ಅವೇ. ಸರದಿಯ ಮೇಲೆ ಬಳಸಬೇಕು. ಹೊರಯಂತ್ರದ ಸರದಿ ಮುಗಿದು ಒಳಯಂತ್ರಕ್ಕೆ ಕೊಡುವಾಗ, ಹೊರಯಂತ್ರದ ಕೌಂಟರು ಎಲ್ಲಿಗೆ ಬಂದಿತ್ತೆಂದು ಬರೆದಿಡಬೇಕು; ಅದು ವಾಪಸು ಬಂದಾಗ ಅಲ್ಲಿಂದಲೇ ಶುರು ಮಾಡಿಸಬೇಕು. ಬರೆದಿಡುವುದು ತಪ್ಪಿತೋ, ಒಳಗಿನವನ ದುಡಿಮೆ ಹೊರಗಿನವನ ತಲೆಗೆ. ಈ ಬರೆದಿಡುವ ಕೆಲಸವನ್ನು ಹನ್ನೊಂದು ವರ್ಷದಿಂದ ಈರೇಶ ತನ್ನ ಕೂಸಿನ ಹಾಗೆ ಸಾಕಿದ್ದ.

ಆರು ವಾರದ ಕೆಳಗೆ ಗಿರಾಕಿಯೊಬ್ಬನಿಂದ ದೂರು ಬಂತು. ಅವನ ಹೊರಯಂತ್ರದ ಲೆಕ್ಕ ಒಮ್ಮೊಮ್ಮೆ ಕಾರಣವಿಲ್ಲದೆ ಏರುತ್ತದಂತೆ. ಈರೇಶನಿಗೆ ಕೂಡಲೇ ನಂಬಿಕೆ ಬಂತು. ಎಲ್ಲೋ ಬರೆದಿಡುವುದು ತಪ್ಪುತ್ತಿದೆ ಎಂದ. ತಂಡದ ಕಿರಿಯ ಎಂಜಿನಿಯರ್ ಕೃಪಾಳನ್ನು ಜೊತೆಗಿಟ್ಟುಕೊಂಡು ಅಳೆದ. ಒಳಯಂತ್ರವನ್ನು ಖಾಲಿ ಬಿಟ್ಟು ಅಳೆದ, ಕೆಲಸ ಹೇರಿ ಅಳೆದ. ನಾನೂರು ಸಲ ಅಳೆದರೂ ಲೆಕ್ಕ ಸರಿಯಾಗಿಯೇ ಇತ್ತು. ಎಷ್ಟು ಬಗ್ಗಿ ನೋಡಿದರೂ ಬಗ್ ಇಲ್ಲ. ಕೊನೆಗೆ ಭಾನುಪ್ರಕಾಶ ಬಹಳ ವಿನಯದಿಂದ ಒಂದು ಗಡುವು ಕೊಟ್ಟ. ಶುಕ್ರವಾರದ ಸಭೆಯಲ್ಲಿ ತಪ್ಪನ್ನು ಕಣ್ಣಿಗೆ ತೋರಿಸಿದರೆ ಸರಿ. ಇಲ್ಲದಿದ್ದರೆ ‘ಅಳೆದವರ ತಪ್ಪು’ ಎಂದು ಬರೆದು ದೂರು ಮುಚ್ಚುವುದು, ಕೌಂಟರಿನ ಕೆಲಸವನ್ನು ಹೈದರಾಬಾದಿನ ಆಫೀಸಿಗೆ ಒಪ್ಪಿಸುವುದು. ಈರೇಶನಿಗೆ ಬೇರೆ ಏನಾದರೂ ಒಳ್ಳೆಯ ಕೆಲಸ ಹುಡುಕೋಣ ಎಂದೂ ಸೇರಿಸಿದ. ಆ ‘ಒಳ್ಳೆಯ’ ಎನ್ನುವ ಮಾತು ಈರೇಶನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಅವನು ನಾಲ್ಕು ಗಂಟೆಯ ಚಹಾಕ್ಕೆ ಬರುವುದನ್ನು ಬಿಟ್ಟ. ರೊಟ್ಟಿ ಡಬ್ಬಿ ಹೇಗೆ ಬರುತ್ತಿತ್ತೋ ಹಾಗೇ ಮನೆಗೆ ಹೋಗತೊಡಗಿತು. ಹನ್ನೊಂದು ವರ್ಷ ಎಣಿಸಿದವನಿಗೆ ಎಣಿಸಲು ಬರುವುದಿಲ್ಲವೆಂದು ಒಂದು ಸಾಲಿನಲ್ಲಿ ಬರೆದುಬಿಡುತ್ತಾರಲ್ಲ ಎಂದು ಒಮ್ಮೆ ಮಾತ್ರ ನಂದೀಶನ ಹತ್ತಿರ ಹೇಳಿಕೊಂಡಿದ್ದ. ಅವತ್ತು ನಂದೀಶ ಮೆಟ್ರೋ ಹೆಂಗಸಿನ ದನಿ ತೆಗೆದ, ಲಿಫ್ಟಿನ ದನಿ ತೆಗೆದ. ಈರೇಶನ ಮುಖ ಅಲುಗಲಿಲ್ಲ.

ಆ ಸಂಜೆ ಮೆಟ್ರೋದಲ್ಲಿ ಕಂಬ ಹಿಡಿದು ನಿಂತ ನಂದೀಶನಿಗೆ ಪೀಣ್ಯ ನೆನಪಾಯಿತು.

ತೊಂಬತ್ತಾರನೇ ಇಸವಿ. ತಗಡಿನ ಶೆಡ್ಡು, ಏಳು ಪವರ್ ಪ್ರೆಸ್ಸು, ಸ್ಕೂಟರಿಗೆ ಹೋಗುವ ವಾಷರುಗಳು. ಕಾಲಲ್ಲಿ ಪೆಡಲ್ ತುಳಿದರೆ ಮೇಲಿಂದ ಧಬ್ ಎಂದು ಏಟು ಬಿದ್ದು ಒಂದು ವಾಷರ್ ಡಬ್ಬಕ್ಕೆ ಉದುರಬೇಕು. ಪಕ್ಕದ ಕೌಂಟರಿನಲ್ಲಿ ಒಂದು ಅಂಕಿ ಏರಬೇಕು. ಇಡೀ ಬೀದಿಗೆ ಕಾದ ಎಣ್ಣೆಯ ವಾಸನೆ. ಫೋರ್‌ಮನ್ ಸೊಣ್ಣಪ್ಪ ಆ ಜಾಗದವನೇ. ಶೆಡ್ಡು ಏಳುವ ಮೊದಲು ಅದು ಅವನ ಮನೆಯವರ ಹೊಲವಾಗಿತ್ತು. ಹೊಸ ಹುಡುಗರು ಬಂದರೆ ನಾಲ್ಕನೇ ಪ್ರೆಸ್ಸಿನ ಬುಡ ತೋರಿಸಿ, ‘ನಮ್ಮ ಅವರೆ ಸಾಲು ಇದ್ದದ್ದು ಇಲ್ಲೇ ಕಣ್ರಲಾ’ ಎಂದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಆಮೇಲೆ ‘ಇನ್ನೇನ್ ನೋಡ್ತೀರಾ, ಒಡೀರಿ ಏಟು’ ಎಂದು ಗದರುತ್ತಿದ್ದ.

ಆ ಶೆಡ್ಡಿನ ಕೌಂಟರುಗಳನ್ನು ಸೊನ್ನೆಗೆ ತರಲು ಬರುತ್ತಿರಲಿಲ್ಲ. ಅವು ಏರುತ್ತಲೇ ಇರುತ್ತಿದ್ದವು. ಅದಕ್ಕೆ ಕೆಲಸಗಾರರೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮೂರು ಗಂಟೆಗೆ ಶಿಫ್ಟು ಬದಲಾಗುವಾಗ ಹೋಗುವವನು ಕೌಂಟರಿನ ಅಂಕಿಯನ್ನೂ ತನ್ನ ಟೋಕನ್ ನಂಬರನ್ನೂ ಸೀಮೆಸುಣ್ಣದಲ್ಲಿ ಪ್ರೆಸ್ಸಿನ ಹಣೆಗೆ ಬರೆದು ಹೋಗಬೇಕು. ಅಲ್ಲಿಂದ ಮುಂದಿನದು ಬಂದವನ ದುಡಿಮೆ.

ನಂದೀಶ ಕಂಡುಕೊಂಡದ್ದೇನೆಂದರೆ, ಶಿಫ್ಟಿನ ನಡುವೆ ಯಾರೂ ಬರೆಯುತ್ತಿರಲಿಲ್ಲ. ಒಂದು ದಿನ ಈರೇಶ ಹತ್ತು ಗಂಟೆಯ ಚಹಾಕ್ಕೆ ಹೋದಾಗ ಇವನು ಅವನ ಪ್ರೆಸ್ಸಿಗೆ ತಗಡು ಇಡದೆ ಅರವತ್ತು ಖಾಲಿ ಏಟು ಹೊಡೆದ. ಶಿಫ್ಟಿನ ಕೊನೆಗೆ ಕೌಂಟರು ಹೇಳುವಷ್ಟು ವಾಷರು ಡಬ್ಬದಲ್ಲಿಲ್ಲ. ಈರೇಶ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸಾವಿರದೆಂಟುನೂರು ವಾಷರನ್ನು ಒಂದೊಂದಾಗಿ ಎಣಿಸಿದ, ಮತ್ತೆ ಎಣಿಸಿದ. ಮೂರನೇ ಸಲಕ್ಕೆ ಕೂತಾಗ ನಂದೀಶ ತಡೆಯಲಾರದೆ ನಕ್ಕು ಸಿಕ್ಕಿಬಿದ್ದ. ಬೆನ್ನಿಗೆ ಬಿದ್ದ ಗುದ್ದು ಎರಡು ದಿನ ನೋಯುತ್ತಿತ್ತು. ಮರುದಿನದಿಂದ ಈರೇಶ ಚಹಾಕ್ಕೆ ಎದ್ದರೂ ಬರೆದಿಟ್ಟು ಹೋಗತೊಡಗಿದ, ನೀರು ಕುಡಿಯಲು ಎದ್ದರೂ ಬರೆದಿಟ್ಟು ಹೋಗತೊಡಗಿದ. ಎಲ್ಲರೂ ಆಡಿಕೊಂಡರು. ಸೊಣ್ಣಪ್ಪ ಮಾತ್ರ ಒಂದು ವಾರ ನೋಡಿ, ಇನ್ನು ಮೇಲೆ ಏಳು ಪ್ರೆಸ್ಸಿಗೂ ಇದೇ ಪದ್ಧತಿ ಎಂದ. ನಂದೀಶನ ಅಂಗಡಿ ಮುಚ್ಚಿತು.

ಇದನ್ನೆಲ್ಲ ನೆನೆದು ನಂದೀಶ ಕಂಬ ಹಿಡಿದಲ್ಲೇ ನಕ್ಕ. ಎದುರು ಕೂತಿದ್ದ ಹುಡುಗಿ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡಳು. ಇನ್ನೊಂದು ಸಲ ಅವನ ಯಂತ್ರಕ್ಕೆ ಖಾಲಿ ಏಟು ಹೊಡೆಯಬೇಕು ಎಂದು ಅಲ್ಲೇ ತೀರ್ಮಾನಿಸಿದ. ಈರೇಶ ನೋಡಬೇಕು, ಗುರುತು ಹಿಡಿಯಬೇಕು, ಕೆಳಗೆ ಓಡಿಬಂದು ಬೆನ್ನಿಗೆ ಗುದ್ದಬೇಕು. ಆರು ವಾರದಿಂದ ಯಾರನ್ನೂ ಬೈಯದ ಬಾಯಿ ಒಮ್ಮೆ ಬೈದರೆ ಊಟವಾದರೂ ಸೇರೀತು.

ಮಂಗಳವಾರ ಕೆಲಸ ಮುಗಿಯಿತು. ಲ್ಯಾಬಿನವನಿಗೆ ಎಲ್ಲ ಯಂತ್ರದ ಪಾಸ್‌ವರ್ಡೂ ಗೊತ್ತು. ಈರೇಶ ಅಳೆಯುವ ಯಂತ್ರದೊಳಗಿನ ಒಳಯಂತ್ರದಲ್ಲಿ ನಂದೀಶ ಒಂದು ಚಿಕ್ಕ ಪ್ರೋಗ್ರಾಮು ಕೂರಿಸಿದ. ಫ್ಯಾನಿನ ಬಿಸಿ ನೋಡುವ ಲ್ಯಾಬಿನ ಪ್ರೋಗ್ರಾಮಿನ ಹೆಸರನ್ನೇ ಇಟ್ಟ; ಅದು ಎಲ್ಲ ಯಂತ್ರದಲ್ಲೂ ಇರುವುದರಿಂದ ಯಾರೂ ತಿರುಗಿ ನೋಡುವುದಿಲ್ಲ. ಈರೇಶ ಅಳೆಯಲು ಶುರು ಮಾಡಿದಾಗಲೆಲ್ಲ ಅದು ಎದ್ದು, ಏನೂ ಕೆಲಸ ಮಾಡದೆ, ಮುನ್ನೂರ ನಲವತ್ತೇಳು ಲಕ್ಷ ಖಾಲಿ ಏಟು ಹೊಡೆದು ಮಲಗಬೇಕು. ಅಂಕಿ ತಪ್ಪಬಾರದೆಂದು ಒಳಯಂತ್ರಕ್ಕೂ ಒಂದು ಕೌಂಟರು ಹಾಕಿ, ಏಟು ಎಣಿಸುತ್ತಾ ಹೊಡೆಯುವಂತೆ ಬರೆದ. ಖಾಲಿ ಏಟೇ ಆದರೂ ಎಣಿಸಿ ಹೊಡೆಯುವುದು ಪೀಣ್ಯದ ಸಂಸ್ಕಾರ. ಮುನ್ನೂರ ನಲವತ್ತೇಳು ಈರೇಶನ ಟೋಕನ್ ನಂಬರು.

ಒಳಗೆ ಹೊಡೆದ ಏಟಿಗೆ ಹೊರಗಿನ ಕೌಂಟರು ಏರುತ್ತದೋ ಇಲ್ಲವೋ ಎಂಬ ಅನುಮಾನ ಅವನಿಗೆ ಹುಟ್ಟಲೇ ಇಲ್ಲ. ಪೀಣ್ಯದಲ್ಲಿ ಪೆಡಲನ್ನು ಯಾರು ತುಳಿದರೂ ಕೌಂಟರು ಏರುತ್ತಿತ್ತು. ಒಮ್ಮೆ ಓಡಿಸಿ ನೋಡಿದ, ಏರಿತು. ಶಿಳ್ಳೆ ಹಾಕುತ್ತಾ ಮನೆಗೆ ಹೋದ.

ಬುಧವಾರ ಹನ್ನೊಂದು ಗಂಟೆಗೆ ಈರೇಶ ನಿಜವಾಗಿಯೂ ಲ್ಯಾಬಿಗೆ ಓಡಿಬಂದ. ನಂದೀಶ ಗುದ್ದಿಗೆ ಬೆನ್ನು ಸಡಿಲ ಮಾಡಿಕೊಂಡು ನಿಂತ. ಗುದ್ದು ಬೀಳಲಿಲ್ಲ. ಈರೇಶ ಅವನ ಎರಡೂ ತೋಳು ಹಿಡಿದುಕೊಂಡ.

“ಸಿಕ್ತಲೇ ನಂದ್ಯಾ. ಆರು ವಾರ ಕಾಡಿಸಿ ಕಡೀಕ ಕೈಗೆ ಬಂತ್ ನೋಡು. ಪ್ರತಿ ಸಲಾನೂ ಅಷ್ಟ ಹೆಚ್ಚು, ಮೂರು ಕೋಟಿ ನಲವತ್ತೇಳು ಲಕ್ಷ. ಒಂದ ಲೆಕ್ಕ, ಜರಾನೂ ಆಕಡೆ ಈಕಡೆ ಇಲ್ಲ.”

ನಂದೀಶ ಅವನ ಮುಖವನ್ನೇ ನೋಡಿದ. ನಾಟಕವಿರಬಹುದೆಂದುಕೊಂಡ. ಈರೇಶನಿಗೆ ನಾಟಕ ಬರುವುದಿಲ್ಲವೆಂದು ಆಮೇಲೆ ನೆನಪಾಯಿತು.

“ಮುನ್ನೂರ ನಲವತ್ತೇಳು ಅಂದ್ರೆ ನಿಂಗೇನೂ ನೆನಪಾಗಲ್ವೇನೋ?”

“ಏನದು? ಯಾವ್ದರ ಬಸ್ ನಂಬರ್ ಏನು?”

ನಂದೀಶನ ಎದೆಯೊಳಗೆ ಏನೋ ಒಂದು ಸಣ್ಣದು ಕಳಚಿ ಬಿದ್ದಂತಾಯಿತು. ಎರಡು ವರ್ಷ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡಿದ್ದ ಹಿತ್ತಾಳೆಯ ಬಿಲ್ಲೆ, ದಿನಾ ಪ್ರೆಸ್ಸಿನ ಹಣೆಗೆ ಬರೆದ ಅಂಕಿ. ಅದನ್ನು ಬರೆದವನೇ ಮರೆತಿದ್ದಾನೆ, ಪಕ್ಕದಲ್ಲಿ ನಿಂತು ನೋಡಿದವನ ತಲೆಯಲ್ಲಿ ಅದು ಉಳಿದುಕೊಂಡಿದೆ. ಇದು ಬಗ್ಗಲ್ಲ, ನಾನು ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಈರೇಶ, ಭಾನುಪ್ರಕಾಶನಿಗೆ ಹೇಳಿಯಾಯಿತು, ಹೈದರಾಬಾದಿನವರಿಗೂ ಬರೆದಾಯಿತು, ಶುಕ್ರವಾರ ಎಲ್ಲರೆದುರು ಓಡಿಸಿ ತೋರಿಸುತ್ತೇನೆ ಎಂದುಬಿಟ್ಟ. ಸೌಮ್ಯಾಗೂ ಫೋನು ಮಾಡಿ ಹೇಳಿದ್ದನಂತೆ. ಅವಳು ಫೋನಿನಲ್ಲೇ ಅತ್ತಳಂತೆ. ಅವತ್ತು ಈರೇಶ ಲ್ಯಾಬಿನ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚಿ ನಾಲ್ಕು ರೊಟ್ಟಿ ತಿಂದ. ಶೇಂಗಾ ಚಟ್ನಿಯಲ್ಲಿ ಅರ್ಧ ಪಾಲು ನಂದೀಶನಿಗೆ ಕೊಟ್ಟ. ನಂದೀಶನ ಬಾಯಿಗೆ ಅದು ಮರಳಿನ ಹಾಗಿತ್ತು.

ಗುರುವಾರವಿಡೀ ಅವನು ಲ್ಯಾಬಿನ ಉದ್ದಕ್ಕೂ ಓಡಾಡಿದ. ಪ್ರೋಗ್ರಾಮನ್ನು ಸದ್ದಿಲ್ಲದೆ ಕಿತ್ತುಹಾಕಿದರೆ ನಾಳೆ ಎಲ್ಲರೆದುರು ಹೆಚ್ಚಿನ ಲೆಕ್ಕ ಮಾಯವಾಗಿ ಈರೇಶ ಬೆಪ್ಪನಾಗುತ್ತಾನೆ. ಹಾಗೇ ಬಿಟ್ಟರೆ ಈರೇಶ ಗೆಲ್ಲುತ್ತಾನೆ, ಆದರೆ ಹೈದರಾಬಾದಿನವರು ಒಂದು ತಿಂಗಳು ಹುಡುಕಿ, ಫ್ಯಾನಿನ ಪ್ರೋಗ್ರಾಮು ಸಿಕ್ಕಿದ ದಿನ ಈರೇಶನೇ ಸುಳ್ಳು ಹುಟ್ಟಿಸಿದ ಅನ್ನುತ್ತಾರೆ. ಹೇಳಲೇಬೇಕು. ಮುಖ ನೋಡಿ ಹೇಳಲು ಧೈರ್ಯ ಸಾಲದೆ ನಾಲ್ಕು ಗಂಟೆಗೆ ಮೂರನೇ ಮಹಡಿಗೆ ಫೋನು ಮಾಡಿದ. ಈರೇಶ ಹಲೋ ಎಂದ. ನಂದೀಶನ ಬಾಯಿಂದ ಬಂದದ್ದು ಸೊಣ್ಣಪ್ಪನ ದನಿ. ಸೊಣ್ಣಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

“ಲೇ ಈರೇಸಾ, ನಿನ್ ಮಿಸಿನ್ ಮ್ಯಾಲೆ ಯಾವನೋ ಖಾಲಿ ಏಟು ಒಡೆದವ್ನೆ ಕಣ್ಲಾ. ನೋಡ್ಕಬಾರ್ದಾ?”

ಆ ಕಡೆ ಕುರ್ಚಿ ಕಿರುಗುಟ್ಟಿತು. ಹೇಳಿಯಾಯಿತು, ಅರ್ಥವಾಯಿತು ಎಂದು ನಂದೀಶ ಕಣ್ಣು ಮುಚ್ಚಿಕೊಂಡ.

“ಇನ್ನೊಮ್ಮೆ ಅನ್ನಲೇ,” ಎಂದ ಈರೇಶ. ದನಿ ಒದ್ದೆಯಾಗಿತ್ತು. “ಕರೆಕ್ಟ್ ಹಿಂಗ ಅಂತಿದ್ದ ನೋಡು. ಇನ್ನೊಮ್ಮೆ ಅನ್ನು.”

ನಂದೀಶ ಇನ್ನೊಮ್ಮೆ ಅಂದ. ಮತ್ತೂ ಒಮ್ಮೆ ಅಂದ. ತಪ್ಪೊಪ್ಪಿಗೆಯನ್ನು ಮೂರು ಸಲ ಹೇಳಿದರೂ ಅದು ಹಳೆಯ ಹಾಡಿನ ಹಾಗೆ ಈರೇಶನ ಕಿವಿಗೆ ಬಿದ್ದು ಹೋಯಿತು. ಆಮೇಲೆ ಇಬ್ಬರೂ ಅರ್ಧ ಗಂಟೆ ಪೀಣ್ಯದಲ್ಲಿದ್ದರು. ಸೊಣ್ಣಪ್ಪನ ಹೆಂಡತಿ ರುದ್ರಮ್ಮ ಅವರೆಕಾಳಿನ ಕಾಲದಲ್ಲಿ ಇಡೀ ಶೆಡ್ಡಿಗೆ ಹಿದುಕಿದ ಬೇಳೆಯ ಸಾರು ಕಳಿಸುತ್ತಿದ್ದದ್ದು, ಅದಕ್ಕಾಗಿ ಏಳೂ ಪ್ರೆಸ್ಸು ಐದು ನಿಮಿಷ ಬೇಗ ನಿಲ್ಲುತ್ತಿದ್ದದ್ದು, ನಿಂತಾಗ ಕಿವಿಯೊಳಗೆ ಉಳಿಯುತ್ತಿದ್ದ ಆ ಗುಂಯ್ ಎನ್ನುವ ಮೌನ. ಶೆಡ್ಡು ಈಗ ಪಾರ್ಸೆಲ್ಲುಗಳ ಗೋಡೌನು. ಅಲ್ಲೀಗ ಯಾರೂ ಏನೂ ಮಾಡುವುದಿಲ್ಲ, ಬೇರೆಯವರು ಮಾಡಿದ್ದನ್ನು ಇಟ್ಟು ಕಳಿಸುತ್ತಾರೆ ಎಂದ ನಂದೀಶ. ಈರೇಶ, ಸೊಣ್ಣಪ್ಪ ಇದ್ದಿದ್ದರೆ ನಾಳೆಯ ಸಭೆಗೆ ಕರೆಯುತ್ತಿದ್ದೆ ಎಂದ. ಫೋನು ಇಟ್ಟಾಗ ನಂದೀಶನ ತಪ್ಪು ಅವನ ಹತ್ತಿರವೇ ಉಳಿದಿತ್ತು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂರನೇ ಮಹಡಿಯ ಗಾಜಿನ ಕೋಣೆ. ಗೋಡೆಯ ದೊಡ್ಡ ಪರದೆಯ ಮೇಲೆ ಹೈದರಾಬಾದಿನ ಮೂವರು. ಮೇಜಿನ ತಲೆಯಲ್ಲಿ ಭಾನುಪ್ರಕಾಶ, ಲ್ಯಾಪ್‌ಟಾಪಿನ ಮುಂದೆ ಕೃಪಾ, ಬಾಗಿಲ ಬಳಿ ನಂದೀಶ. ಯಂತ್ರ ಕೈಕೊಟ್ಟರೆ ಇರಲಿ ಎಂದು ಈರೇಶನೇ ಅವನನ್ನು ಕರೆಸಿದ್ದ. ಈರೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮದುವೆಗೆ ಬಂದವನ ಹಾಗಿದ್ದ.

ಅವನು ಮೂರು ಸಲ ಓಡಿಸಿ ತೋರಿಸಿದ. ಮೂರು ಸಲವೂ ಪರದೆಯ ಮೇಲೆ ಅದೇ ಹೆಚ್ಚುವರಿ ಬಿತ್ತು. ಭಾನುಪ್ರಕಾಶ ತಲೆಯಾಡಿಸಿದ. ಹೈದರಾಬಾದಿನವರು ತಮ್ಮ ತಮ್ಮೊಳಗೆ ಏನೋ ಮಾತಾಡಿಕೊಂಡು, ಅಳತೆ ನಡೆಯುವಾಗ ಒಳಯಂತ್ರದಲ್ಲಿ ಏನು ಓಡುತ್ತಿರುತ್ತದೆ ಎಂದು ಕೇಳಿದರು. ಏನೂ ಇಲ್ಲ, ಅದು ಖಾಲಿ ಇದೆ ಎಂದು ಈರೇಶ ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟು, ಇದಕ್ಕೆ ನನ್ನ ಮಾತೇ ಸಾಕ್ಷಿ ಎಂದು ಸೇರಿಸಿದ.

ಆ ಕೈ ನೋಡಿದ ಮೇಲೆ ನಂದೀಶನಿಗೆ ನಿಲ್ಲಲಾಗಲಿಲ್ಲ.

“ಖಾಲಿ ಇಲ್ಲ ಸಾರ್,” ಎಂದ. ಯಾವ ದನಿ ತೆಗೆಯಬೇಕೆಂದು ಹುಡುಕುವಷ್ಟು ಹೊತ್ತಿರಲಿಲ್ಲ. ಬಂದದ್ದು ಅವನದೇ ದನಿ, ತೆಳ್ಳಗೆ, ಸ್ವಲ್ಪ ಒಡೆದು. ಅದನ್ನು ಕೃಪಾ ಕೇಳಿದ್ದು ಅದೇ ಮೊದಲು, ತಿರುಗಿ ನೋಡಿದಳು. “ನಾನೇ ತಮಾಷೆಗೆ ಒಂದು ಪ್ರೋಗ್ರಾಮ್ ಹಾಕಿದೀನಿ. ಮುನ್ನೂರ ನಲವತ್ತೇಳು ಲಕ್ಷ ಏಟು ಹೊಡೆಯೋದು ಅದೇ. ಅದು ಇವನ ಹಳೇ ಟೋಕನ್ ನಂಬರ್ರು. ಈರೇಶಿ, ನಿಂಗೆ ನೆನಪಾಗುತ್ತೆ ಅಂದ್ಕೊಂಡೆ ಕಣೋ.”

ಹೈದರಾಬಾದಿನವರಿಗೆ ಕನ್ನಡ ಬಾರದು, ಆದರೆ ಮುಖಗಳು ಅವರಿಗೂ ಕಾಣುತ್ತಿದ್ದವು. ಭಾನುಪ್ರಕಾಶ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಹಾಗಾದರೆ ಬಗ್ ಇಲ್ಲ ಎಂದು ಮೆಲ್ಲಗೆ ಹೇಳಿದ. ನಂದೀಶನ ವಿಚಾರವನ್ನು ಎಚ್ಆರ್‌ನವರ ಜೊತೆ ಆಮೇಲೆ ಮಾತಾಡೋಣ, ಈಗ ದೂರು ಮುಚ್ಚುವುದು ಎಂದ. ಈರೇಶ ಕೂತ ಕಡೆಯೇ ಕುಗ್ಗಿದ. ಇಸ್ತ್ರಿ ಮಾಡಿದ ಅಂಗಿ ಇದ್ದಕ್ಕಿದ್ದ ಹಾಗೆ ಎರಡು ಅಳತೆ ದೊಡ್ಡದಾಗಿ ಕಂಡಿತು. ನಂದೀಶ ನೆಲ ನೋಡಿದ.

ಆಗ ಈರೇಶನ ದನಿ ಬಂತು.

“ನಂದ್ಯಾ. ಅದನ್ನ ಎಲ್ಲೆ ಹಾಕೀದಿ?”

“ಒಳಗಿನದರಲ್ಲಿ.”

“ನನ್ನ ಮಷೀನ್‌ನಾಗ ಅಲ್ಲ?”

“ನಿನ್ನದು ಮುಟ್ಟಿಲ್ಲ ಗುರು, ದೇವರಾಣೆ. ಒಳಗಿನದರಲ್ಲಿ ಮಾತ್ರ. ಅಲ್ಲೇ ಒಂದು ಕೌಂಟರ್ ಹಾಕಿ ಎಣಿಸಿ ಎಣಿಸಿ ಹೊಡೆದೆ.”

ಈರೇಶನ ಮೀಸೆ ಒಂದು ಕಡೆ ಅಲುಗಿತು. ಆಮೇಲೆ ಇನ್ನೊಂದು ಕಡೆ. ಹೊಟ್ಟೆಯ ಒಳಗಿಂದ ಏನೋ ಉರುಳಿಕೊಂಡು ಮೇಲೆ ಬರುತ್ತಿರುವ ಹಾಗೆ ಭುಜ ಕುಣಿಯತೊಡಗಿತು. ಅಳುತ್ತಿದ್ದಾನೆಂದು ಭಾನುಪ್ರಕಾಶ ಗಾಬರಿಯಾಗಿ ನೀರಿನ ಬಾಟಲಿ ಮುಂದೆ ತಳ್ಳಿದ. ಕೃಪಾ ಈರೇಶನನ್ನೂ ನಂದೀಶನನ್ನೂ ಒಂದೊಂದು ಸಲ ನೋಡಿದಳು. ಮರುಗಳಿಗೆ ಅವಳ ಕೈ ಬಾಯಿಗೆ ಹೋಯಿತು.

“ಸಾರ್, ಮುಚ್ಬೇಡಿ,” ಎಂದಳು ಭಾನುಪ್ರಕಾಶನಿಗೆ. “ಇವರು ಒಳಗೆ ಹೊಡೆದ್ರೆ ಹೊರಗಡೆ ಒಂದೇ ಒಂದು ಅಂಕಿ ಏರಬಾರದು. ಏರಿದೆ. ಅದೇ ಅಲ್ವಾ ಸಾರ್ ಬಗ್ಗು?”

ಭಾನುಪ್ರಕಾಶ ಕನ್ನಡಕ ಹಾಕಿಕೊಂಡ. ಕೃಪಾ ಅಷ್ಟರಲ್ಲಿ ಪ್ರೋಗ್ರಾಮನ್ನು ತೆರೆದಿದ್ದಳು. ಒಳಯಂತ್ರ ಏಟು ಹೊಡೆಯಲಿ, ಆದರೆ ಎಣಿಸುವುದು ಬೇಡ ಎಂದು ಒಂದು ಸಾಲು ಅಳಿಸಿ ಓಡಿಸಿದಳು. ಹೊರಗಿನ ಲೆಕ್ಕ ಸರಿಯಾಗಿ ಬಂತು. ಸಾಲನ್ನು ವಾಪಸು ಹಾಕಿ ಓಡಿಸಿದಳು. ಮುನ್ನೂರ ನಲವತ್ತೇಳು ಲಕ್ಷ ಹೆಚ್ಚು. ಆರು ವಾರ ಅವರು ಒಳಯಂತ್ರವನ್ನು ದುಡಿಸಿದ್ದರೇ ಹೊರತು ಎಣಿಸು ಎಂದು ಒಮ್ಮೆಯೂ ಹೇಳಿರಲಿಲ್ಲ. ಹೊರಗಿನವನೂ ಒಳಗಿನವನೂ ಒಟ್ಟಿಗೆ ಎಣಿಸಲು ಕೂತಾಗ ಮಾತ್ರ, ಸರದಿ ಬದಲಾಗುವಾಗ ಹೊರಗಿನವನ ಕೌಂಟರನ್ನು ಬರೆದಿಡುವುದು ತಪ್ಪುತ್ತಿತ್ತು. ಗಿರಾಕಿಯ ಯಂತ್ರದಲ್ಲಿ ಆಗುತ್ತಿದ್ದದ್ದೂ ಅದೇ. ಕೃಪಾ ಇದನ್ನು ಇಂಗ್ಲಿಷಿನಲ್ಲಿ ಹೈದರಾಬಾದಿಗೆ ವಿವರಿಸಿದಳು. ಅಲ್ಲಿನ ಮೂವರೂ ಮುಂದಕ್ಕೆ ಬಾಗಿದರು. ಅವರಲ್ಲಿ ಹಿರಿಯ ಹೆಂಗಸು, ಇದು ಈರೇಶನ ಕೈಯಲ್ಲೇ ಇರಲಿ, ಸರಿಪಡಿಸುವುದೂ ಅವರೇ ಎಂದು ಬರೆದುಕೊಂಡಳು. ಭಾನುಪ್ರಕಾಶ ಎಚ್ಆರ್‌ನ ಮಾತನ್ನು ಮತ್ತೆ ಎತ್ತಲಿಲ್ಲ.

ಇಷ್ಟೆಲ್ಲ ಆದರೂ ಒಬ್ಬನಿಗೆ ಮಾತ್ರ ಏನೂ ಹೊಳೆದಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಆತ ಎಲ್ಲರ ಮುಖವನ್ನೂ ನೋಡಿ, ಕೊನೆಗೆ ತಡೆಯಲಾರದೆ ಕೇಳಿದ:

“ಅದ್ರಲ್ಲೇನಿದೆ ಅಂತ? ಕೌಂಟರ್ ಅಂದ್ಮೇಲೆ ಯಾರು ಹೊಡೆದ್ರೂ ಏರ್ತದೆ ತಾನೆ?”

ಮೊದಲು ನಕ್ಕದ್ದು ಕೃಪಾ. ಆಮೇಲೆ ಭಾನುಪ್ರಕಾಶ, ಅವನ ಪದವಿಗೆ ತಕ್ಕಷ್ಟು. ಆದರೆ ಈರೇಶ ಹಿಡಿದುಕೊಂಡಿದ್ದನ್ನೆಲ್ಲ ಆಗ ಬಿಟ್ಟ. ಕುರ್ಚಿ ಹಿಂದಕ್ಕೆ ಸರಿಯಿತು, ಮೇಜಿನ ಮೇಲೆ ಅಂಗೈ ಬಡಿಯಿತು, ಗಾಜಿನಾಚೆ ಕೂತಿದ್ದವರು ಎದ್ದು ನೋಡಿದರು. ನಾನೂರು ಸಲ ಅಳೆದೇನಲೇ, ನಾನೂರು ಸಲ, ಎಂದು ಹೇಳಲು ಹೋಗಿ ಅರ್ಧಕ್ಕೇ ಉಸಿರು ಕಟ್ಟಿ ಮತ್ತೆ ನಕ್ಕ. ಪರದೆಯ ಮೇಲಿನ ಹೆಂಗಸು ತನ್ನ ಕಿವಿ ಮುಟ್ಟಿ ತೋರಿಸಿದಳು: ನಿಮ್ಮ ಕಡೆಯಿಂದ ಏನೂ ಕೇಳಿಸುತ್ತಿಲ್ಲ, ಲೈನು ಹೋಯಿತೇ? ಲೈನು ಹೋಗಿರಲಿಲ್ಲ. ಸಭೆಯ ಸಾಫ್ಟ್‌ವೇರು ಈರೇಶನ ನಗುವನ್ನು ಯಾವುದೋ ಕಾರ್ಖಾನೆಯ ಗದ್ದಲವೆಂದು ತಿಳಿದು ಸೋಸಿ ಎಸೆಯುತ್ತಿತ್ತು. ಕೃಪಾ ಅದನ್ನು ಅವನಿಗೆ ಹೇಳಿದಳು, ಹೇಳಬಾರದಿತ್ತು. ಅವನು ಕಣ್ಣೊರೆಸಿಕೊಂಡು, ನಂದೀಶನ ಕಡೆ ಬೆರಳು ತೋರಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ.